ಬಲಕ್ಕಿಟ್ಟ ಡಿಸ್ಕು

ಕಂಪ್ಯೂಟರಿನ ಹೊಟ್ಟೆಯೊಳಗಿಂದ ಕಟಕಟ ಸಪ್ಪಳ ಬರತೊಡಗಿದ ದಿನದಿಂದ ನಾಗಣ್ಣನಿಗೆ ಉಂಡ ರೊಟ್ಟಿ ಮೈಗೆ ಹತ್ತಿರಲಿಲ್ಲ. ಗೋಡೆಯ ಸಂದಿಯಲ್ಲಿ ಹಲ್ಲಿ ನುಡಿದ ಹಾಗೆ ಇರುತ್ತಿತ್ತು ಅದು. ಎರಡು ಸಲ ನುಡಿದು ಸುಮ್ಮನಾಗುತ್ತಿತ್ತು. ಮತ್ತೆ ಯಾವಾಗ ನುಡಿಯುತ್ತದೋ ಎಂದು ಕಿವಿಗೊಟ್ಟು ಕೂಡುವುದೇ ಅವನ ಕೆಲಸವಾಗಿಬಿಟ್ಟಿತ್ತು.

ತೊಂಬತ್ತೇಳನೇ ಇಸವಿ, ದೀಪಾವಳಿ ಕಳೆದು ವಾರವಾಗಿತ್ತು. ಜೇವರ್ಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬುರಾನುದ್ದೀನ ಸಾಹೇಬರ ಪ್ರೆಸ್ಸು. ನಾಗಣ್ಣ ಅಲ್ಲಿ ಮೂವತ್ತೆಂಟು ವರ್ಷ ಸೀಸದ ಅಕ್ಷರ ಜೋಡಿಸಿದವನು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟಿದ್ದ. ಅಕ್ಷರ ಕಲಿತದ್ದು ಹೆಚ್ಚಾಗಿ ಬೆರಳಿನಿಂದ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಎರಡು ವರ್ಷದ ಹಿಂದೆ ಸಾಹೇಬರು ಕಂಪ್ಯೂಟರ್ ತಂದರು. ಸೀಸದ ಅಕ್ಷರದ ಪೆಟ್ಟಿಗೆಗಳೆಲ್ಲ ಗೋಡೆಗೆ ಸರಿದವು. ಪುಟ ಕಟ್ಟುವ ಕರೀ ಕಲ್ಲೊಂದು ಮಾತ್ರ ಆರು ಮಂದಿ ಕೈಹಚ್ಚಿದರೂ ಏಳದೆ ನಡುಮನೆಯಲ್ಲೇ ಉಳಿಯಿತು. ಸಾಹೇಬರು ನಾಗಣ್ಣನನ್ನೂ ಬಿಡಲಿಲ್ಲ. ಅವನ ಮಗಳು ಸುಂದರಬಾಯಿ ಟೈಪು ಕಲಿತು ಕಂಪ್ಯೂಟರ್ ಮುಂದೆ ಕೂತಳು. ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ಬರಹ ಓದಿ ಹೇಳುವುದು, ಅವಳು ಬಡಿಯುವುದು. ಓದುವಾಗ ಒತ್ತಕ್ಷರ ಬಂದರೆ ಅವನು ತಡವರಿಸುತ್ತಿದ್ದ. ಮಗಳು ಕಾಯುತ್ತಿದ್ದಳು.

ಆ ವರ್ಷವಿಡೀ ಅವರ ಮುಂದೆ ಇದ್ದದ್ದು ಒಂದೇ ಕೆಲಸ. ಇಜೇರಿಯ ದೌಲತರಾಯ ಮಾಸ್ತರರು ಮೂವತ್ತು ವರ್ಷ ಸೈಕಲ್ ತುಳಿದು, ಭೀಮಾ ದಂಡೆಯ ಅರವತ್ತೊಂದು ಹಳ್ಳಿಗಳ ಹೊಲ, ಬಾವಿ, ಹಳ್ಳ, ದಿನ್ನೆಗಳ ಹೆಸರು ಬರೆದು ತಂದಿದ್ದರು. ಯಾವ ಹೊಲಕ್ಕೆ ಯಾಕೆ ಆ ಹೆಸರು ಬಿತ್ತು, ಹೇಳಿದವರು ಯಾರು ಎಂದು ಒಂದೊಂದಕ್ಕೂ ಒಂದೊಂದು ಚೀಟಿ. ಎರಡು ಟ್ರಂಕು ತುಂಬ ಚೀಟಿ. ಹೇಳಿದ ಮುದುಕ ಮುದುಕಿಯರಲ್ಲಿ ಮುಕ್ಕಾಲು ಮಂದಿ ಆಗಲೇ ಮಣ್ಣಾಗಿದ್ದರು. ಮಾಸ್ತರರಿಗೆ ಕಣ್ಣಿನ ನರ ಒಣಗಿ, ಬಾಗಿಲು ಯಾವುದು ಗೋಡೆ ಯಾವುದು ಎಂಬುದು ಕೈಗೇ ತಿಳಿಯಬೇಕು. ಪ್ರತಿ ಗುರುವಾರ ಕೋಲು ಹಿಡಿದು ಬಸ್ಸಿಗೆ ಬಂದು, ಆ ವಾರ ಬಡಿದದ್ದನ್ನು ನಾಗಣ್ಣನಿಂದ ಓದಿಸಿ ಕೇಳಿ, ತಿದ್ದಿಸಿ ಹೋಗುತ್ತಿದ್ದರು. ಈಗ ಅರವತ್ತೊಂದೂ ಹಳ್ಳಿ ಮುಗಿದಿದ್ದವು. ಸಂಕ್ರಾಂತಿಗೆ ಅಚ್ಚಾಗಬೇಕು.

ಆದರೆ ನಾಗಣ್ಣ ಮಾಡಿದ್ದೊಂದು ಕೆಲಸ ಯಾರಿಗೂ ಗೊತ್ತಿರಲಿಲ್ಲ. ಸೀಸದ ಕಾಲದಲ್ಲಿ ಪ್ರೆಸ್ಸಿನ ಪದ್ಧತಿ ಹೀಗಿತ್ತು: ಬರಹ ಜೋಡಿಸಿ, ಪ್ರೂಫು ತಿದ್ದಿ, ಸರಿ ಅನ್ನಿಸಿಕೊಂಡ ಮೇಲೆ ಆ ಬರಹದ ಕಾಗದವನ್ನು ತಂತಿಗೆ ಚುಚ್ಚಿಡುವುದು, ತಂತಿ ತುಂಬಿದ ದಿನ ಮನೆಗೊಯ್ದು ಬಚ್ಚಲೊಲೆಗೆ ಹಾಕುವುದು. ಜೋಡಿಸಿದ ಅಕ್ಷರ ಕಲ್ಲಿನ ಮೇಲೆ ಗಟ್ಟಿಯಾಗಿ ಕೂತಿರುವಾಗ ಕಾಗದ ಯಾರಿಗೆ ಬೇಕು? ಕೈಗೆ ಹತ್ತಿದ ರೂಢಿ. ಮಾಸ್ತರರು ಕೇಳಿ ಸರಿ ಎಂದ ಹಾಗೆಲ್ಲ ಅವನು ಆ ಕಟ್ಟಿನ ಚೀಟಿಗಳನ್ನೂ ತಿದ್ದಿದ ಪ್ರೂಫನ್ನೂ ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಿದ್ದ. ಟ್ರಂಕುಗಳು ಪ್ರೆಸ್ಸಿನ ಮೂಲೆಯಲ್ಲಿ ಬೀಗ ಹಾಕಿಕೊಂಡು ಖಾಲಿ ಕೂತಿದ್ದವು.

ಸಪ್ಪಳ ಶುರುವಾದ ಮೇಲೆ ಒಂದು ದಿನ ಮೆಲ್ಲಗೆ ಮಗಳನ್ನು ಕೇಳಿದ. “ಸುಂದರಾ, ಇದ್ರಾಗಿಂದು ಬ್ಯಾರೆ ಕಡೆ ಎಲ್ಲರ ಅದ ಏನು?”

“ಫ್ಲಾಪಿಗೆ ಹಾಕಿದ್ದೆನಪ್ಪಾ. ಧೂಳ ಕುಂತು ಒಂದೂ ತೆರ್‍ಯಾಕ ಒಲ್ಲವು. ಯಾಕ, ಚೀಟಿ ಅವಲ್ಲ ಟ್ರಂಕಿನಾಗ?”

ನಾಗಣ್ಣ ಹೂಂ ಎಂದ. ಆ ಹೂಂ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು.

ಮಂಗಳವಾರ ಕಲಬುರ್ಗಿಯಿಂದ ಹರಿ ಬಂದ. ಅಫಜಲಪುರದ ಕಡೆಯವನು, ಮೂವತ್ತರ ಆಸುಪಾಸು, ಕಂಪ್ಯೂಟರ್ ರಿಪೇರಿಯಲ್ಲಿ ಪಳಗಿದ ಕೈ, ಅದಕ್ಕಿಂತ ಪಳಗಿದ ಬಾಯಿ. ಸಾಹೇಬರು ಕಾಗದ ತರಲು ಸೊಲ್ಲಾಪುರಕ್ಕೆ ಹೋಗಿದ್ದರು. ಹರಿ ಡಬ್ಬಿಗೆ ಕಿವಿ ಹಚ್ಚಿ ಕೇಳಿ ನಕ್ಕ.

“ಡಿಸ್ಕಿಗೆ ವಯಸ್ಸಾಗ್ಯದ ಕಾಕಾ. ನಿಮ್ಮಂಗ.”

“ನಮ್ಮಪ್ಪ ಇನ್ನೂ ಕಟಕಟ ಅನ್ನಾಕತ್ತಿಲ್ಲರಿ,” ಎಂದಳು ಸುಂದರಬಾಯಿ.

“ಅಂತಾರ, ತಡೀರಿ, ಚಳಿಗಾಲ ಬರಲಿ.” ಹರಿ ಸ್ಟೂಲು ಎಳೆದು ಕೂತ. “ಕೇಳ್ರಿ. ನಾಳಿ ಇದರ ಜೋಡಿ ಡಿಸ್ಕ್ ಒಂದು ತರ್ತೇನಿ. ಇದ್ರಾಗ ಇದ್ದದ್ದು ಇದ್ದಂಗ, ಒಂದ ಚುಕ್ಕಿ ಬಿಡದ ಅದಕ್ಕ ಇಳಿಸಿಬಿಡೋಣ. ಇವತ್ತ ಮೊದ್ಲ ಒಳಗಿಂದು ಓರಣ ಮಾಡ್ತೇನಿ. ಎಲ್ಲಾ ಚೆಲ್ಲಾಪಿಲ್ಲಿ ಬಿದ್ದದ.”

ಏನೇನೋ ಒತ್ತಿದ. ಪರದೆಯ ತುಂಬ ಸಣ್ಣ ಸಣ್ಣ ಬಣ್ಣದ ಚೌಕಗಳು ಮೂಡಿದವು. ಒಂದು ಚೌಕ ಕೆಳಗಿನಿಂದ ಮಾಯವಾಗಿ ಮೇಲಿನ ಸಾಲಿನಲ್ಲಿ ಹೋಗಿ ಕೂಡುತ್ತಿತ್ತು, ಆಮೇಲೆ ಇನ್ನೊಂದು.

“ಒಂದ ಊರಿನ ಬರಹ ಜಾಗ ಸಿಕ್ಕಲ್ಲಿ ತುಕಡಿ ತುಕಡಿ ಆಗಿ ಕುಂತಿರ್ತದ ಕಾಕಾ. ಎಲ್ಲಾ ತುಕಡಿ ತಂದು ಮುಂದಿನ ಸಾಲಿಗೆ ಒಂದಕ್ಕೊಂದು ಹಚ್ಚಿ ಕೂಡ್ರಸಾಕತ್ತದ.”

ಅದು ನಾಗಣ್ಣನಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಜಾಗ ಸಾಲದೆ ಒಂದೇ ಬರಹದ ಸಾಲುಗಳು ನಾಲ್ಕು ತಗಡಿನ ತಟ್ಟೆಗಳಲ್ಲಿ ಹಂಚಿ ಬಿದ್ದಿರುತ್ತಿದ್ದವು. ಪುರುಸೊತ್ತಿನ ದಿನ ಅವನ್ನು ಒಂದೇ ತಟ್ಟೆಗೆ ತಂದು, ಸುತ್ತಲೂ ದಾರ ಬಿಗಿದು ಕಟ್ಟಿದರೆ ಮನಸ್ಸಿಗೆ ಸಮಾಧಾನ. ಆದರೆ ಕಟ್ಟುವುದಕ್ಕೆ ಮುಂಚೆ, ಸಾಲು ಎರಡು ಕೈಯ ನಡುವೆ ಗಾಳಿಯಲ್ಲಿರುವ ಹೊತ್ತು ಒಂದಿರುತ್ತದೆ. ಆಗ ಯಾರಾದರೂ ಮೊಣಕೈ ತಾಗಿಸಿದರೆ ಮುಗಿಯಿತು. ಈ ಯಂತ್ರ ದಿನವಿಡೀ ಆ ಹೊತ್ತಿನಲ್ಲೇ ಇತ್ತು. ಜೇವರ್ಗಿಯ ಕರೆಂಟು ಹೇಳಿ ಕೇಳಿ ಹೋಗುವುದಲ್ಲ. ಸಂಜೆಯವರೆಗೆ ನಾಗಣ್ಣ ಬಲ್ಬನ್ನೂ ಚೌಕಗಳನ್ನೂ ಸರತಿಯಂತೆ ನೋಡುತ್ತ ಕೂತ. ಚಹಾ ತಣ್ಣಗಾಯಿತು. ಕರೆಂಟು ಹೋಗಲಿಲ್ಲ.

ಬುಧವಾರ ಹನ್ನೊಂದಕ್ಕೆ ಹರಿ ಇನ್ನೊಂದು ಡಿಸ್ಕು ತಂದ. ಅದೇ ಕಂಪನಿ, ಅದೇ ಅಳತೆ, ಅದೇ ಬೂದಿ ಬಣ್ಣ, ಮೇಲಿನ ಚೀಟಿಯೂ ಅದೇ. ಎಲ್ಲೋ ಬಳಸಿ ತೆಗೆದು ಒಳಗಿನದೆಲ್ಲ ಅಳಿಸಿದ್ದು. ಡಬ್ಬಿ ಬಿಚ್ಚಿ ಹಳೆಯದನ್ನು ಹೊರಗೆ ತೆಗೆದು ನಾಗಣ್ಣನ ಕೈಗಿಟ್ಟ.

“ಇದರ ಧೂಳ ಝಾಡಿಸ್ರಿ ಕಾಕಾ. ಆಮ್ಯಾಗ ಎರಡೂ ಕಲ್ಲಿನ ಮ್ಯಾಲ ಸಾಲಾಗಿ ಇಡ್ರಿ. ಹಳೇದು ಒಂದನೇದು, ನಾ ತಂದದ್ದು ಎರಡನೇದು. ಕಲಬುರ್ಗಿಗೊಂದು ಫೋನ್ ಹಚ್ಚಿ ಬಂದೆ.”

ಅಕ್ಷರ ಒರೆಸುವ ಮೆತ್ತನೆಯ ಬ್ರಶ್ಶಿನಿಂದ ನಾಗಣ್ಣ ಧೂಳು ತೆಗೆದ. ಕೂಸಿಗೆ ಎಣ್ಣೆ ಹಚ್ಚಿದ ಹಾಗೆ ತೆಗೆದ. ಎರಡನ್ನೂ ಕಲ್ಲಿನ ಮೇಲಿಟ್ಟ. ಹರಿ ಬಂದು ತಂತಿ ಹಚ್ಚಿದ. ಡಿಸ್ಕುಗಳು ಕಲ್ಲಿನ ಮೇಲೇ ಇದ್ದವು, ತಂತಿ ಮಾತ್ರ ಡಬ್ಬಿಯೊಳಗೆ. ಕರೀ ಪರದೆಯಲ್ಲಿ ಇಂಗ್ಲಿಷಿನ ನಾಲ್ಕು ಸಾಲು ಬಂದವು. ಹರಿ ಒಂದು ಕೀಲಿ ಒತ್ತಿದ. ಗೆರೆಯೊಂದು ಎಡದಿಂದ ತೆವಳತೊಡಗಿತು.

“ಒಂದನೇದರಿಂದ ಎರಡನೇದಕ್ಕ. ಹೊಂಟಿತು ನೋಡ್ರಿ. ತಾಸ ಹಿಡಿತದ. ಯಾರೂ ಮುಟ್ಟಬ್ಯಾಡ್ರಿ. ನಡುವ ನಿಂತ್ರ ಎರಡೂ ಕೈ ಬಿಟ್ಟು ಹೋಗ್ತಾವ. ನಾ ಊಟ ಮಾಡಿ ಬರ್ತೇನಿ.” ಬಾಗಿಲ ತನಕ ಹೋದವನು ತಿರುಗಿ ಹೇಳಿದ. “ಎಡಕಿನ ಹಳೇದು ಬಿಸಿ ಆಗ್ತದ, ಕಾಕಾ. ಫ್ಯಾನ್ ಅತ್ತ ತಿರುವ್ರಿ.”

ನಾಗಣ್ಣ ಎದ್ದು ಫ್ಯಾನಿನ ಕುತ್ತಿಗೆ ಹಿಡಿದ. ಎಡಕ್ಕೆ ತಿರುಗಿಸಬೇಕು. ಕೈ ತಿರುಗಲಿಲ್ಲ.

ಅಚ್ಚಿನ ಕಲ್ಲಿನ ಮೇಲೆ ಲೋಕದ ಎಡಬಲ ನಡೆಯುವುದಿಲ್ಲ. ಎರಡು ಪುಟ ಜೊತೆಗೆ ಅಚ್ಚಾಗಬೇಕಾದರೆ ಒಂದನೇ ಪುಟ ಬಲಕ್ಕೆ ಕೂಡಬೇಕು, ಎರಡನೇದು ಎಡಕ್ಕೆ. ಮೇಲೆ ಕಾಗದ ಬಿದ್ದು ಎದ್ದಾಗಲೇ ಅದು ಓದುವವನ ಕಣ್ಣಿಗೆ ನೆಟ್ಟಗಾಗುವುದು. ಮೂವತ್ತೆಂಟು ವರ್ಷ ಈ ಕಲ್ಲಿನ ಮೇಲೆ ಅವನು ಒಂದನೇದನ್ನು ಬಲಕ್ಕಲ್ಲದೆ ಬೇರೆಡೆಗೆ ಇಟ್ಟವನಲ್ಲ.

ಇವತ್ತು ಎಲ್ಲಿಗಿಟ್ಟೆ?

ನೆನಪಾಗಲಿಲ್ಲ. ಊರೂರಿನ ಬಾವಿಗಳ ಹೆಸರು ನೆನಪಿರುವವನಿಗೆ ಅರ್ಧ ತಾಸಿನ ಹಿಂದೆ ತನ್ನ ಕೈ ಎಲ್ಲಿಗೆ ಹೋಯಿತು ಎಂಬುದು ನೆನಪಾಗಲಿಲ್ಲ. ಕಲ್ಲಿನ ತುದಿಯಲ್ಲಿ ಬಿದ್ದಿದ್ದ ಎರಡು ಸೀಸದ ತುಂಡು ಎತ್ತಿಕೊಂಡ. ಕಣ್ಣು ಮುಚ್ಚಿದ. ಒಂದನೇದು, ಎರಡನೇದು ಎಂದು ಬಾಯಲ್ಲಿ ಅಂದು ಇಟ್ಟ. ಕಣ್ಣು ತೆರೆದ. ಒಂದನೇ ತುಂಡು ಬಲಕ್ಕಿತ್ತು.

ತುಂಡುಗಳನ್ನು ಅಲ್ಲೇ ಬಿಟ್ಟು ತಿರುಗಿದ.

“ಸುಂದರಾ,” ಎಂದ. ಮತ್ತೆ ಕರೆದ. “ಸುಂದರಾ, ಇಲ್ಲಿ ಕಿವಿಗೊಡವಾ. ಯಾವುದರಾಗ ಕಟಕಟ ಅನ್ನಾಕತ್ತದ ಹೇಳು.”

ಅವಳು ಬಗ್ಗಿ ಎಡಗಡೆಯದಕ್ಕೆ ಕಿವಿ ಹಚ್ಚಿದಳು. ಜೇನು ಗುಂಯ್ಗುಟ್ಟಿದ ಹಾಗೆ ಸಣ್ಣ ಸಪ್ಪಳ, ಅಷ್ಟೇ. ಬಲಗಡೆಗೆ ಹೋದಳು. ತಲೆ ಎತ್ತಿದಾಗ ಮುಖದ ಬಣ್ಣ ಇಳಿದಿತ್ತು.

“ಬಲಕಿಂದು ಕಟಗುಡಾಕತ್ತದಪ್ಪಾ. ಹಳೇದು ಬಲಕ್ಕ ಅದ. ಹರಿಯಣ್ಣ ಎಡಕ್ಕ ಅಂದ್ನಲ್ಲ?”

“ಖಾಲಿದು ತುಂಬಿದ್ದರ ಮ್ಯಾಲ ಬೀಳಾಕತ್ತದ. ಎಷ್ಟಾಗ್ಯದ ನೋಡು.”

“ನಾಕು. ನೂರರಾಗ ನಾಕು.”

“ಬಂದ್ ಮಾಡ್ಲೇನು?”

“ಬ್ಯಾಡಪ್ಪಾ! ನಡುವ ನಿಂತ್ರ ಎರಡೂ ಹೋಗ್ತಾವ ಅಂದಾನ. ನಾವು ತಪ್ಪು ತಿಳದಿದ್ರ? ನಾ ಕರಕೊಂಡ ಬರ್ತೇನಿ, ನೀ ಮುಟ್ಟಬ್ಯಾಡ.” ಅಂದವಳೇ ಚಪ್ಪಲಿ ಮೆಟ್ಟದೆ ಓಡಿದಳು.

ಸ್ಟ್ಯಾಂಡಿನ ಸುತ್ತ ಮೂರು ಖಾನಾವಳಿ. ಯಾವುದರಲ್ಲಿ ಕೂತಿದ್ದಾನೋ. ನಾಗಣ್ಣ ಒಬ್ಬನೇ ಉಳಿದ. ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತಿತ್ತು. ನಾಲ್ಕು ಇದ್ದದ್ದು ಐದಾಯಿತು. ಮುಂದೆ ನಿಂತು ನೋಡಿದರೆ ಗೆರೆ ಚಲಿಸುವುದೇ ಕಾಣುತ್ತಿರಲಿಲ್ಲ. ಬಾಗಿಲ ಕಡೆ ನೋಡಿ ತಿರುಗಿದರೆ ಕೂದಲೆಳೆಯಷ್ಟು ಮುಂದೆ ಬಂದಿರುತ್ತಿತ್ತು. ಆ ಕೂದಲೆಳೆಯಲ್ಲಿ ಯಾವ ಊರಿತ್ತು? ನಿನ್ನೆ ದಿನವಿಡೀ ಚೌಕ ಚೌಕವಾಗಿ ಎಲ್ಲ ಊರುಗಳನ್ನೂ ಮುಂದಿನ ಸಾಲಿಗೆ ತಂದು ಕೂರಿಸಿದ್ದರು. ಉಣ್ಣಲು ಕರೆದು ಪಂಕ್ತಿಗೆ ಕೂರಿಸಿದ ಹಾಗೆ. ಈಗ ಸುಣ್ಣ ಬಳಿಯುವ ಕುಂಚ ಆ ಸಾಲಿನ ಮೇಲೇ ಬರುತ್ತಿತ್ತು.

ಆರಾಯಿತು.

ಗೋಡೆಯ ಸ್ವಿಚ್ಚಿನ ಮೇಲೆ ಕೈ ಇಟ್ಟ. ಒತ್ತಿದರೆ, ಹರಿ ಹೇಳಿದಂತೆ ಎರಡೂ ಹೋದರೆ, ಕೊಂದವನು ತಾನು. ಒತ್ತದಿದ್ದರೆ ಕೊಂದವನು ಯಾರೂ ಅಲ್ಲ, ಯಂತ್ರ. ಕಣ್ಣಿಲ್ಲದ ಮಾಸ್ತರರಿಗೆ ಯಾರೂ ಏನೂ ತೋರಿಸಬೇಕಾಗಿರಲಿಲ್ಲ. ಆ ವಿಚಾರ ತನಗೇ ಬಂತಲ್ಲ ಎಂದು ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಬಲಗಡೆಯ ಡಿಸ್ಕು ಕಟಕಟ ಎಂದಿತು.

ಏಳು ಬಿದ್ದದ್ದು ಕಂಡಿತು. ಒತ್ತಿಬಿಟ್ಟ.

ಹರಿ ಬಂದಾಗ ಅವನ ಬೆರಳಿಗೆ ಇನ್ನೂ ಸಾರು ಹತ್ತಿತ್ತು. “ಏನ್ ಮಾಡಿದ್ರಿ ಕಾಕಾ! ಮುಟ್ಟಬ್ಯಾಡ ಅಂತ ಬಡಕೊಂಡೆನಲ್ರಿ!” ಎಂದು ಕೂಗುತ್ತಲೇ ಬಗ್ಗಿ ಎರಡನ್ನೂ ತಿರುವಿ ನೋಡಿದ, ಒಂದೊಂದನ್ನೇ ಹಚ್ಚಿ ನೋಡಿದ. ಕೂಗು ನಿಂತಿತು.

“ಒಂದನೇದು ಅಂದ್ರ ಲೋಕದಾಗ ಎಡಕ್ಕ ಇಡ್ತಾರ್ರಿ,” ಎಂದ ಕೊನೆಗೆ.

“ಈ ಕಲ್ಲಿನ ಮ್ಯಾಲ ಬಲಕ್ಕ ಇಡ್ತಾರಪ್ಪ.”

“ಮುಂದಿನ ಭಾಗ ತೊಳದ ಹೋಗ್ಯದ. ಯಾವ ಊರು ಎಲ್ಲದ ಅಂತ ಬರದಿಟ್ಟ ಪಟ್ಟಿ ಇರ್ತದಲ್ಲ, ಅದೂ ಹೋಗ್ಯದ. ಮನಿ ಅವ, ನಂಬರ್ ಇಲ್ಲ ಅಂದಂಗ. ಚೀಟಿ ಅವಲ್ರಿ? ತಂಗಿ ಮತ್ತ ಬಡೀತಾಳ. ಆರ ತಿಂಗಳು.”

ನಾಗಣ್ಣ ಸೊಂಟದಿಂದ ಬೀಗದ ಕೈ ತೆಗೆದು ಮಗಳಿಗೆ ಕೊಟ್ಟ. ಅವಳು ಮೊದಲನೇ ಟ್ರಂಕು ತೆರೆದಳು. ಎರಡನೇದು ತೆರೆದಳು. ಎರಡರ ನಡುವೆ ನೆಲಕ್ಕೆ ಕೂತುಬಿಟ್ಟಳು.

“ಅಪ್ಪಾ. ನಮ್ಮನ್ಯಾಗ ನಾ ಮೈ ತೊಳಕೊಂಡ ನೀರು…” ಅಷ್ಟಕ್ಕೇ ನಿಲ್ಲಿಸಿದಳು.

ಹರಿ ಎದ್ದು ಬಾಗಿಲು ಮುಂದೆ ಮಾಡಿದ. ಮೆಲ್ಲಗೆ ಹೇಳಿದ. “ಕೇಳ್ರಿ ಕಾಕಾ. ಡಿಸ್ಕ್ ಹಳೇದಿತ್ತು, ತಾನ ಸತ್ತಿತು. ಖರೇ ಅಂದ್ರ ನಾಳಿ ನಾಡದ ಸಾಯೂದಽ ಇತ್ತು. ಸಾಹೇಬ್ರಿಗೂ ಅಷ್ಟ ಹೇಳ್ರಿ, ಮಾಸ್ತರರಿಗೂ ಅಷ್ಟ ಹೇಳ್ರಿ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ. ಉಳದದ್ದು ಏನರ ಸಿಗ್ತದೇನು ನಾ ಇಲ್ಲೇ ಕುಂತು ಹುಡುಕ್ತೇನಿ. ಆದ್ರ ಈ ಮುದಿ ಡಿಸ್ಕು ಎಷ್ಟ ತಾಸ ಜೀವ ಹಿಡೀತದ ನನಗ ಗೊತ್ತಿಲ್ಲ.”

ನಾಗಣ್ಣ ಖಾಲಿ ಟ್ರಂಕುಗಳ ಮುಚ್ಚಳ ಮುಚ್ಚಿದ.

ಗುರುವಾರ ಹತ್ತೂವರೆಯ ಬಸ್ಸಿಗೆ ದೌಲತರಾಯ ಮಾಸ್ತರರು ಬಂದರು. ಕೋಲಿನ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ನಾಗಣ್ಣ ಸ್ಟೂಲು ಬಿಟ್ಟು ಎದ್ದ. ಹರಿ ಬೆನ್ನು ತಿರುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದ. ನಿನ್ನೆಯಿಂದ ಅವನ ಯಂತ್ರ ಆ ಹಳೆಯ ಡಿಸ್ಕನ್ನು ತುದಿಯಿಂದ ತುದಿಗೆ ಒಂದೊಂದೇ ಅಂಗುಲ ಓದುತ್ತ ಹೋಗುತ್ತಿತ್ತು. ಇನ್ನೂ ಮುಗಿದಿರಲಿಲ್ಲ.

“ಯಾರೋ ಹೊಸಬರು ಅದಾರಲ್ಲ,” ಎಂದರು ಮಾಸ್ತರರು, ಸ್ಟೂಲು ತಡವಿ ಕೂಡುತ್ತ. “ಎಣ್ಣೀ ವಾಸನಿ ಬ್ಯಾರೆ ಅದ.”

“ರಿಪೇರಿಯವರರಿ,” ಎಂದಳು ಸುಂದರಬಾಯಿ.

“ಸತ್ತಿಲ್ಲ ಹೌದಿಲ್ಲ ಯಂತ್ರ?” ಮಾಸ್ತರರು ನಕ್ಕರು. “ಇರ್‍ಲಿ. ಲೇ ನಾಗಣ್ಣಾ, ಅಚ್ಚಿಗೆ ಹೋಗೂಮುಂಚೆ ಒಂದೊಂದ ಊರು ಮತ್ತೊಮ್ಮೆ ಕೇಳಬೇಕಂತ ಅನಿಸ್ಯದ. ಕೋಡಿಹಾಳ ಓದು.”

ಕೋಡಿಹಾಳ ಪುಸ್ತಕದಲ್ಲಿ ಒಂಬತ್ತನೇ ಊರು. ಮುಂದಿನ ಸಾಲಿನದು. ನಾಗಣ್ಣ ಹರಿಯ ಬೆನ್ನು ನೋಡಿದ. ಬೆನ್ನು ಅಲುಗಲಿಲ್ಲ. ಡಿಸ್ಕು ಸತ್ತಿತು ಎನ್ನಲು ಬಾಯಿ ತೆರೆದ. ಆ ಮಾತೂ ಬರಲಿಲ್ಲ, ಖರೆಯೂ ಬರಲಿಲ್ಲ. ಕಲ್ಲಿನ ಮೇಲಿದ್ದ ಖಾಲಿ ಹಾಳೆಗಳಲ್ಲಿ ನಾಲ್ಕು ಎತ್ತಿಕೊಂಡ. ಕನ್ನಡಕ ಏರಿಸಿದ. ಕಣ್ಣಿಲ್ಲದವರ ಮುಂದೆ ಕನ್ನಡಕ ಯಾಕೆ ಏರಿಸಿದೆ ಎಂದು ಅವನಿಗೇ ತಿಳಿಯಲಿಲ್ಲ.

“ಕೋಡಿಹಾಳ,” ಎಂದು ಶುರು ಮಾಡಿದ. “ಊರ ಮೂಡಲಕ್ಕೆ ಸತ್ತೆತ್ತಿನ ಹೊಲ. ಉಳುವಾಗ ಎತ್ತು ಬಿದ್ದು ಸತ್ತದ್ದಕ್ಕೆ ಆ ಹೆಸರು, ಹೇಳಿದವರು ತುಳಜಾಬಾಯಿ. ಅದಕ್ಕೆ ಹೊಂದಿಕೊಂಡು ಬಾಣಂತಿ ಪಟ್ಟಿ. ಅದರಾಚೆ ಅಣ್ಣತಮ್ಮರ ಬದು. ಪಡುವಲಕ್ಕೆ ಉಪ್ಪಹಳ್ಳ, ಮಳೆಗಾಲದಲ್ಲೂ ನೀರು ಉಪ್ಪು. ಹಳ್ಳದ ದಂಡೆಗೆ ಫಕೀರನ ದಿನ್ನೆ…”

ಹೆಸರು ಒಂದರ ಬಾಲ ಹಿಡಿದು ಇನ್ನೊಂದು ಬಂತು. ಮಗಳಿಗೆ ಒಮ್ಮೆ, ಮಾಸ್ತರರಿಗೆ ಎರಡು ಸಲ, ಮೂರು ಸಲ ಅವನ ಬಾಯಿಯಿಂದ ಹಾದುಹೋದ ಹೆಸರುಗಳು. ಹೊಲ ಮುಗಿದು ಬಾವಿಗೆ ಬಂದ. ಹಾಳೆ ತಿರುವಿ ಸಪ್ಪಳ ಮಾಡಿದ. ಜೋಡಗುಂಡಿ ಬಾವಿ, ಗೌಡರ ಬಾವಿ, ಹಲ್ಲುಕಿತ್ತ ಬಾವಿ.

ಮಾಸ್ತರರು ಕೋಲಿನ ತುದಿಯಿಂದ ನೆಲ ಗೀರುತ್ತಿದ್ದರು.

“ನಾಗಣ್ಣಾ, ನೀ ವರ್ಷದಿಂದ ನನಗ ಓದಿ ಹೇಳಾಕತ್ತಿ. ಓದೂಮುಂದ ನೀ ತಡವರಿಸ್ತಿ. ಒಂದ ಒತ್ತು ಬಂದ್ರ ನಿಲ್ತಿ, ಉಸಿರ ತಗೋತಿ. ಇವತ್ತ ಎಲ್ಲೀ ನಿಲ್ಲಲಿಲ್ಲ. ಹಳ್ಳದ ನೀರಿನಂಗ ಹೇಳಿದಿ.” ಅವರು ಕೈ ಚಾಚಿದರು. “ಆ ಹಾಳಿ ಕೊಡಿಲ್ಲಿ.”

ಕೊಟ್ಟ. ಮಾಸ್ತರರು ಹಾಳೆಯ ಮೇಲೆ ಅಂಗೈ ಆಡಿಸಿದರು. ಆ ಪ್ರೆಸ್ಸಿನ ಪ್ರಿಂಟರು ಸೂಜಿಯಿಂದ ಚುಚ್ಚಿ ಅಕ್ಷರ ಮೂಡಿಸುವಂಥದ್ದು. ಅಚ್ಚಾದ ಹಾಳೆ ಬೆರಳಿಗೆ ಸಣ್ಣಗೆ ತರಿತರಿ ಹತ್ತಬೇಕು. ಇದು ನುಣ್ಣಗಿತ್ತು.

“ಏನಾಗ್ಯದ?”

ಆಗ ನಾಗಣ್ಣ ಹೇಳಿದ. ಬಲಕ್ಕಿಟ್ಟದ್ದು ಹೇಳಿದ, ಸ್ವಿಚ್ಚು ಒತ್ತಿದ್ದು ಹೇಳಿದ. ಹರಿ ಕಲಿಸಿದ ಮಾತು ಹೇಳಲಿಲ್ಲ. ಮಾಸ್ತರರು ಕೇಳುವ ತನಕ ತಡೆದರೆ ತನ್ನಿಂದ ಆಗಲಿಕ್ಕಿಲ್ಲ ಎಂದು ಚೀಟಿಗಳ ಮಾತನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟ.

ಮಾಸ್ತರರು ಕೋಲೂರಿ ಎದ್ದರು. “ಟ್ರಂಕು ತೋರಸು,” ಎಂದರು. ಸುಂದರಬಾಯಿ ಕೈ ಹಿಡಿದು ಕರೆದೊಯ್ದಳು. ಮೊಣಕಾಲೂರಿ, ತೋಳು ಪೂರ್ತಿ ಇಳಿಸಿ, ಟ್ರಂಕಿನ ತಳವನ್ನು ಮೂಲೆ ಮೂಲೆ ತಡವಿದರು.

“ಎಷ್ಟ ದಿನ ಉರೀತೋ?”

“ವರ್ಷ ಹಿಡೀತ್ರಿ. ವಾರಕ್ಕೊಂದ ಕಟ್ಟು.”

“ನೀರ ಕಾಯ್ದವೇನು?”

“ಕಾಯ್ದವ್ರಿ,” ಎಂದ ನಾಗಣ್ಣ.

ಆ ಹೊತ್ತಿಗೆ ಹರಿ ತಿರುಗಿದ. ಮಾಸ್ತರರ ಮುಖ ನೋಡಲಾರದೆ ನೆಲ ನೋಡಿಕೊಂಡೇ ಹೇಳಿದ. “ನಲವತ್ನಾಕು ಊರು ಸಿಕ್ಕಾವ್ರಿ ಮಾಸ್ತರ್ರ. ಮಂಗಳವಾರ ಎಲ್ಲಾ ಒಂದ ಸಾಲಿಗೆ ಕೂಡ್ರಸಿದ್ದಕ್ಕ ಸಿಕ್ಕವು. ಪಟ್ಟಿ ಇಲ್ಲಂದ್ರೂ ತಲಿ ಸಿಕ್ಕಲ್ಲಿ ಬಾಲ ಅದರ ಬೆನ್ನಿಗೇ ಇತ್ತು. ಚೆಲ್ಲಾಪಿಲ್ಲಿ ಇದ್ದಿದ್ರ ಒಂದೂ ಸಿಗ್ತಿರಲಿಲ್ಲ. ಮುಂದಿನ ಸಾಲಿಗೆ ತಂದಿದ್ದಕ್ಕನ ಮೊದಲಿನ ಹದಿನೇಳು ಹೋದವು. ಅದೂ ನಾನಽ ಮಾಡಿದ್ದು. ಕಾಕಾ ಏಳಕ್ಕ ಬಂದ್ ಮಾಡದಿದ್ರ ಅರವತ್ತೊಂದೂ ಹೋಗ್ತಿದ್ದವು.”

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಕಲ್ಲಿನ ಮೇಲಿನ ಹಳೆಯ ಡಿಸ್ಕು ಒಮ್ಮೆ ಕರಕರ ಎಂದು ನಿಂತಿತು. ಹರಿ ಮತ್ತೆ ಹಚ್ಚಿ ನೋಡಿದ. ಅದು ಮತ್ತೆ ಏಳಲಿಲ್ಲ. ಸಿಕ್ಕ ನಲವತ್ತನಾಲ್ಕನ್ನು ಅವನು ಆಗಲೇ ಬೇರೆ ಡಿಸ್ಕಿಗೆ ಇಳಿಸಿದ್ದ. ಸುಂದರಬಾಯಿ ಯಾರ ಮಾತಿಗೂ ಕಾಯದೆ ಅವನ್ನು ಕಾಗದದ ಮೇಲೆ ಅಚ್ಚು ಹಾಕಲು ಕೂತಳು.

ಮಾಸ್ತರರು ಸ್ಟೂಲಿಗೆ ಮರಳಿ ಬಂದಿದ್ದರು. “ಇಜೇರಿ ಮೊದಲನೇದು. ಅದು ನನ್ನೂರು, ನನ್ನ ಬಾಯಾಗ ಅದ. ಉಳದ ಹದಿನಾರು ನನ್ನ ತಲ್ಯಾಗ ಇಲ್ಲ, ನಾಗಣ್ಣಾ. ಬರದಿಟ್ಟೇನಿ ಅನ್ನೂ ಧೈರ್ಯಕ್ಕ ಮರತ ಕುಂತೆ. ನಿನ್ನ ತಲ್ಯಾಗ ಎಷ್ಟವ?”

“ಗೊತ್ತಿಲ್ರಿ. ತಗದ ನೋಡಿಲ್ಲ.”

“ತಗೀ. ಈಗ ತಗೀ. ನಾಳಿ ಅಂತ ಬ್ಯಾಡ.”

ಅಂದಿನಿಂದ ನಾಗಣ್ಣನ ಹೆದರಿಕೆ ಯಂತ್ರವನ್ನು ಬಿಟ್ಟು ಅವನ ತಲೆಯೊಳಗೆ ಬಂದು ಕೂತಿತು. ಬೆಳಗ್ಗೆ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಊರುಗಳನ್ನು ಎಣಿಸಿ ನೋಡುತ್ತಿದ್ದ, ನಿನ್ನೆ ಇದ್ದದ್ದು ಇವತ್ತು ಇದೆಯೋ ಇಲ್ಲವೋ ಎಂದು. ಯಾರಾದರೂ ದಾರಿಯಲ್ಲಿ ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು, ಅವರ ಮಾತು ಒಳಗೆ ಬಂದು ಯಾವ ಹೆಸರನ್ನು ನೂಕುತ್ತದೋ. ಹೇಳುವಾಗ ಕಣ್ಣು ಮುಚ್ಚಿ ಹೇಳುತ್ತಿದ್ದ. ಮಗಳು ಬಡಿದು ಬಡಿದು ಪ್ರತಿಯೊಂದನ್ನೂ ಮೂರು ಕಾಗದ ತೆಗೆಯುತ್ತಿದ್ದಳು. ಒಂದು ಪ್ರೆಸ್ಸಿಗೆ, ಒಂದು ಇಜೇರಿಗೆ, ಒಂದು ಸಾಹೇಬರ ಮನೆಯ ಕಪಾಟಿಗೆ. ಸೊಲ್ಲಾಪುರದಿಂದ ಬಂದು ಎಲ್ಲ ಕೇಳಿದ ಸಾಹೇಬರು ಒಂದೇ ಮಾತು ಅಂದಿದ್ದರು: “ಆ ಕಲ್ಲಿನ ಮ್ಯಾಲ ಇನ್ನ ಏನೂ ಇಡಬ್ಯಾಡ್ರಿ, ಚಹಾದ ಕಪ್ಪೂ ಸೈತ.”

ಹದಿನಾರರಲ್ಲಿ ಹನ್ನೊಂದು ಊರು ಪೂರ್ತಿ ಬಂದವು. ಉಳಿದವುಗಳಲ್ಲಿ ಎರಡು ಮೂರು ಹೆಸರು ಎಲ್ಲಿ ಜಾರಿದ್ದವೋ, ಎಷ್ಟು ತಡವಿದರೂ ಕೈಗೆ ಹತ್ತಲಿಲ್ಲ. ಕೋಡಿಹಾಳದಲ್ಲಿ ಬಾವಿ ನಾಲ್ಕು ಎಂದು ಮಾಸ್ತರರಿಗೆ ಗಟ್ಟಿ ನೆನಪು. ನಾಗಣ್ಣ ಹೇಳಿದ್ದು ಮೂರು. ಅವತ್ತು ಓದುವ ಸೋಗಿನಲ್ಲಿ ಹೇಳುವಾಗಲೂ ಮೂರೇ ಹೇಳಿದ್ದ. ಯಾರೂ ಗಮನಿಸಿರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಇಬ್ಬರೂ ಬಸ್ಸಿಗೆ ಕೋಡಿಹಾಳಕ್ಕೆ ಹೋದರು. ನಾಗಣ್ಣ ಮಾಸ್ತರರ ಕೈ ಹಿಡಿದಿದ್ದ. ನಾಲ್ಕನೇ ಬಾವಿ ತೊಗರಿ ಹೊಲದ ನಡುವೆ ಸಿಕ್ಕಿತು. ಕಲ್ಲು ಕಟ್ಟಿದ ಹಳೇ ಬಾವಿ, ಮೆಟ್ಟಿಲಿಳಿದು ಹೋಗುವಂಥದ್ದು, ಪಂಪಿನ ಪೈಪು ಇಳಿಬಿಟ್ಟಿದ್ದರು. ನಡುವಯಸ್ಸಿನ ಹೆಣ್ಣುಮಗಳೊಬ್ಬಳು ತೊಗರಿ ಕೊಯ್ಯುತ್ತಿದ್ದಳು.

“ಯವ್ವಾ, ತುಳಜಾಬಾಯಿ ಮನೀ ಕಡೇವರು ಯಾರರ ಅದಾರೇನು?” ಕೇಳಿದರು ಮಾಸ್ತರರು.

“ನಮ್ಮತ್ತಿರಿ ಆಕಿ. ತೀರಿಕೊಂಡು ಆರ ವರ್ಷ ಆತು. ಯಾಕ್ರಿ ಯಪ್ಪಾ?”

“ಈ ಬಾವಿಗೆ ಒಂದ ಹೆಸರಿತ್ತು. ಏನಂತೀರಿ ಇದಕ್ಕ?”

ಅವಳು ಕುಡುಗೋಲು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಾವಿಯನ್ನು ಆಗ ತಾನೇ ಕಂಡವಳ ಹಾಗೆ ನೋಡಿದಳು.

“ಬಾವಿ ಅಂತೀವ್ರಿ,” ಎಂದಳು.

ಮಾಸ್ತರರು ಬಾವಿಯ ಕಟ್ಟೆ ತಡವಿ ಕೂತರು. ನಾಗಣ್ಣ ಮೆಟ್ಟಿಲಿಳಿದು ಬೊಗಸೆ ನೀರು ಕುಡಿದು ಬಂದು, ಜೇಬಿನಿಂದ ಹಾಳೆ ತೆಗೆದ. ಮೂರು ಬಾವಿಗಳ ಕೆಳಗೆ ನಾಲ್ಕನೆಯದಕ್ಕೆಂದು ಒಂದು ಸಾಲು ಬಿಟ್ಟು, ಬದಿಗೆ “ಕಲ್ಲು ಕಟ್ಟಿದ್ದು, ನೀರು ಸಿಹಿ” ಎಂದು ತಡವರಿಸುತ್ತ ಬರೆದ. ಮತ್ತೆ ಮಡಚಿ ಜೇಬಿಗಿಡುವ ಮುಂಚೆ ಉಳಿದ ಮೂರರ ಹೆಸರನ್ನು ಆ ಹೆಣ್ಣುಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ, ಎರಡು ಸಲ.